ಹೇಗೋ ಇಳಿಸಿಬಿಡುತ್ತೇನೆ ಎಂದೆಯಲ್ಲ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದು ಬೇಡ. ವಿಮಾನ ಇಳಿಸುವ ಬಗ್ಗೆ ನಿನ್ನ ಪತ್ರದಲ್ಲಿದ್ದ ಒಂದು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿದೆ. "ಸ್ವಲ್ಪ ಮೇಲಿದ್ದರೂ ಮೂತಿ ತಗ್ಗಿಸಿ ಹೇಗೋ ಇಳಿಸಿಬಿಡುತ್ತೇನೆ ದೊಡ್ಡಪ್ಪ. ಗೋ-ಅರೌಂಡ್ ಎಂದರೆ ಪಕ್ಕದ ಕ್ಯಾಪ್ಟನ್ ಏನಂದುಕೊಳ್ಳುತ್ತಾರೋ ಎಂಬ ಅಳುಕು" ಎಂದು ಬರೆದಿದ್ದೀಯ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಲು ಅಳುಕೇ?

ಮೂತಿ ತಗ್ಗಿಸಿದರೆ ಎತ್ತರ ಕಳೆಯುತ್ತದೆ ನಿಜ, ಆದರೆ ವೇಗ ಏರುತ್ತದೆ. ಬೇಗ ಇಳಿ, ಜೊತೆಗೇ ನಿಧಾನವಾಗು ಎಂದರೆ ಜೆಟ್ ಕೇಳುವುದಿಲ್ಲ. ನೆಲ ಮುಟ್ಟುವಾಗಿನ ವೇಗ ಶೇ. 10 ಹೆಚ್ಚಿದ್ದರೆ ನಿಲ್ಲಲು ಬೇಕಾದ ದೂರ ಸುಮಾರು ಶೇ. 20 ಹೆಚ್ಚುತ್ತದೆ; ಬ್ರೇಕ್ ನುಂಗಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದಲ್ಲ. ರನ್‌ವೇ ಅಂಚನ್ನು 50 ಅಡಿಯ ಬದಲು 100 ಅಡಿ ಎತ್ತರದಲ್ಲಿ ದಾಟಿದರೆ, ಮೂರು ಡಿಗ್ರಿ ಇಳಿಜಾರಿನಲ್ಲಿ ಸುಮಾರು 950 ಅಡಿ ರನ್‌ವೇ ಕೈಬಿಟ್ಟಂತೆ. ಅದರ ಮೇಲೆ ಹೆಚ್ಚಿನ ವೇಗದ ಬಲದಲ್ಲಿ ವಿಮಾನ ನೆಲ ಮುಟ್ಟದೆ ತೇಲುತ್ತಲೇ ಹೋಗುತ್ತದೆ. ಬ್ರೇಕ್ ಇರುವುದು ಚಕ್ರದಲ್ಲಿ, ತೇಲುವಾಗ ಅದರಿಂದ ಏನೂ ಆಗದು.

ಕೊನೆಯ 500 ಅಡಿಯ ಈ ಸಂಕಟ ಹುಟ್ಟುವುದು ನೂರು ಮೈಲಿ ಹಿಂದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಮುದುಕನ ಚಪಲ ಎಂದುಕೋ: ಕಳೆಯಬೇಕಾದ ಎತ್ತರವನ್ನು ಸಾವಿರ ಅಡಿಗಳಲ್ಲಿ ತೆಗೆದುಕೊಂಡು ಮೂರರಿಂದ ಗುಣಿಸು. 36,000ದಿಂದ 3,000 ಅಡಿಗೆ 99 ನಾಟಿಕಲ್ ಮೈಲಿ, ವೇಗ ಕಳೆಯಲು ಇನ್ನೊಂದು ಹತ್ತು, ಹಿಂಗಾಳಿ ಇದ್ದರೆ ಮತ್ತಷ್ಟು. ಕಂಪ್ಯೂಟರ್ ಲೆಕ್ಕ ಕೊಡುತ್ತದೆ, ಕೊಡಲಿ. ನೆಲದಿಂದ ದಾರಿ ಹೇಳುವ ಕಂಟ್ರೋಲರ್ ಅದನ್ನು ಮೊಟಕು ಮಾಡಿದ ಕ್ಷಣ ಆ ಲೆಕ್ಕ ಹಳತಾಗುತ್ತದೆ. ಮೇಲಿದ್ದೀಯ ಎಂದು ಅಲ್ಲೇ ಗೊತ್ತಾದರೆ ರೆಕ್ಕೆಯ ಮೇಲೆ ಎದ್ದು ಗಾಳಿಯನ್ನು ತಡೆಯುವ ಸ್ಪೀಡ್‌ಬ್ರೇಕ್ ಆಗಲೇ ಎಳೆ. ಅದು ಹೆಚ್ಚು ವೇಗದಲ್ಲಿ ಚೆನ್ನಾಗಿ ಹಿಡಿಯುತ್ತದೆ, ವೇಗ ಇಳಿದ ಮೇಲೆ ಎಳೆದರೆ ಅಷ್ಟು ಉಪಯೋಗವಿಲ್ಲ. ಹತ್ತಿರ ಬಂದ ಮೇಲೂ ಮೇಲಿದ್ದರೆ ಗೇರ್, ಅಂದರೆ ಚಕ್ರಗಳನ್ನು, ಬೇಗ ಇಳಿಸು. ಸದ್ದು ಜಾಸ್ತಿ ಎಂದು ಕೆಲವರು ಹಿಂಜರಿಯುತ್ತಾರೆ. ಅದಕ್ಕಿಂತ ಒಳ್ಳೆಯ ತಡೆ ನಿನ್ನ ಬಳಿ ಬೇರೆ ಇಲ್ಲ.

ಮತ್ತೆ ಆ ಅಳುಕಿಗೇ ಬರುತ್ತೇನೆ. ನಮ್ಮ ಕಾಲದಲ್ಲಿ ಗೋ-ಅರೌಂಡ್ ಮಾಡಿದವರನ್ನು ಛೇಡಿಸುವ ಚಾಳಿ ಇತ್ತು. ನಾವು ಕ್ಯಾಪ್ಟನ್‌ಗಳಾದ ಮೇಲೂ ಅದು ಪೂರ್ತಿ ಹೋಗಲಿಲ್ಲ ಎಂಬ ಕೊರಗು ನನಗಿದೆ. ನಿನ್ನ ಅಳುಕು ಅದರದೇ ಉಳಿಕೆ ಇರಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ ಇಳಿಯುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಕೋ-ಪೈಲಟ್ ಮೂರು ಬಾರಿ ಗೋ-ಅರೌಂಡ್ ಎಂದಿದ್ದರು. ಸುಮಾರು 8,000 ಅಡಿ ರನ್‌ವೇಯಲ್ಲಿ ವಿಮಾನ ನೆಲ ಮುಟ್ಟಿದ್ದು 5,200 ಅಡಿ ದಾಟಿದ ಮೇಲೆ. ವಿಮಾನ ನಿಲ್ಲಿಸಲು ಎಂಜಿನ್‌ನ ರಿವರ್ಸ್ ಎಳೆದ ಬಳಿಕ ಕ್ಯಾಪ್ಟನ್ ಮತ್ತೆ ಏರಲು ನೋಡಿದರು. 158 ಜನ ಹೋದರು. ರಿವರ್ಸ್ ಎಳೆದ ಮೇಲೆ ನಿಲ್ಲಿಸುವುದೊಂದೇ ದಾರಿ, ಇದನ್ನು ಮರೆಯಬೇಡ.

ಮೋಡದಲ್ಲಿ 1,000 ಅಡಿ, ತಿಳಿ ಹವೆಯಲ್ಲಿ 500 ಅಡಿ: ಆ ಎತ್ತರಕ್ಕೆ ಇಳಿಯುವಷ್ಟರಲ್ಲಿ ಗೇರ್, ರೆಕ್ಕೆಯ ಫ್ಲಾಪ್, ಚೆಕ್‌ಲಿಸ್ಟ್ ಮುಗಿದಿರಬೇಕು. ವೇಗ ವಿರೆಫ್‌ಗಿಂತ, ಅಂದರೆ ಇಳಿಯಲು ಗೊತ್ತುಮಾಡಿದ ವೇಗಕ್ಕಿಂತ, ಕಡಿಮೆ ಇರಕೂಡದು, ಅದರ ಮೇಲೆ 20 ನಾಟ್ ಮೀರಲೂ ಕೂಡದು. ಇಳಿಯುವ ದರ ನಿಮಿಷಕ್ಕೆ 1,000 ಅಡಿ ಮೀರಬಾರದು. ನೆಲಕ್ಕೆ ಹೋಲಿಸಿದ ವೇಗವನ್ನು (ಗ್ರೌಂಡ್ ಸ್ಪೀಡ್) ಐದರಿಂದ ಗುಣಿಸಿದರೆ ಸರಿಯಾದ ದರ ಸಿಗುತ್ತದೆ, 140 ನಾಟ್‌ಗೆ 700 ಅಡಿ. ಎಂಜಿನ್ ಐಡಲ್‌ನಲ್ಲಿ, ಅಂದರೆ ಕನಿಷ್ಠ ಬಲದಲ್ಲಿ, ಬಿದ್ದಿದ್ದರೆ ಉಳಿದದ್ದೆಲ್ಲ ಸರಿ ಕಂಡರೂ ಸರಿಯಿಲ್ಲ. ಅದು ಪೂರ್ತಿ ಬಲಕ್ಕೆ ಬರಲು ಕೆಲವು ಸೆಕೆಂಡು ಬೇಕು. ಕಿರಿದಾದ ರನ್‌ವೇ ನೋಡಿದರೆ ಎತ್ತರದಲ್ಲಿದ್ದೇವೆ ಅನ್ನಿಸಿ ಕೈ ತಾನೇ ಕೆಳಗೆ ಒತ್ತುತ್ತದೆ. ಆಗ ಕಣ್ಣನ್ನು ಬಿಟ್ಟು ರನ್‌ವೇ ಪಕ್ಕದಲ್ಲಿ ಇಳಿಜಾರು ಸರಿಯೇ ಎಂದು ತೋರಿಸುವ ಪಾಪಿ (PAPI) ದೀಪವನ್ನು ನಂಬು: ಎರಡು ಬಿಳಿ, ಎರಡು ಕೆಂಪು.

ಕ್ಯಾಪ್ಟನ್ ಇಳಿಸುವ ದಿನ ನೀನು ಅಭಿಪ್ರಾಯ ಹೇಳಲು ಹೋಗಬೇಡ, ಅಂಕಿ ಹೇಳು: "ವೇಗ 25 ಹೆಚ್ಚು", "ಇಳಿತ 1,400". ಅಂಕಿಗೆ ಯಾರೂ ಮುನಿಸಿಕೊಳ್ಳುವುದಿಲ್ಲ. ಸರಿಹೋಗದಿದ್ದರೆ "ಗೋ-ಅರೌಂಡ್" ಎಂದು ಗಟ್ಟಿಯಾಗಿ. ನೀನೇ ಹಾರಿಸುವ ದಿನವಾದರೆ ಎಂಜಿನ್ ಬಲ ಏರಿಸುವ ಟೋಗಾ ಒತ್ತು, ಮೂತಿ ಏರಿಸು, ಫ್ಲಾಪ್ ಒಂದು ಹಂತ ಒಳಗೆ. ಎತ್ತರ ಏರುತ್ತಿದೆ ಎಂದು ಖಚಿತವಾದ ಮೇಲೆಯೇ ಗೇರ್ ಮೇಲಕ್ಕೆ, ಏಕೆಂದರೆ ತೀರ ಕೆಳಗಿದ್ದರೆ ವಿಮಾನ ಏರುವ ಮೊದಲು ಒಮ್ಮೆ ನೆಲ ಮುಟ್ಟಿಬಿಡಬಹುದು. ಇನ್ನೊಂದು ಸುತ್ತಿಗೆ ಇಂಧನ ಎಷ್ಟಿದೆ ಎಂದು ಇಳಿಯುವ ಮೊದಲಿನ ಬ್ರೀಫಿಂಗಿನಲ್ಲೇ ಬಾಯಿಬಿಟ್ಟು ಹೇಳಿಬಿಡು. ಅಳುಕು ಅರ್ಧ ಅಲ್ಲೇ ಕಡಿಮೆಯಾಗುತ್ತದೆ.

ಎಲ್ಲ ಸಿದ್ಧವಾಗಿರಬೇಕಾದ ಆ 1,000, 500 ಅಡಿಯ ಎತ್ತರ ನಿಮ್ಮ ಕಂಪನಿಯ ಕೈಪಿಡಿಯಲ್ಲಿ ಎಷ್ಟು ಎಂದು ಬರೆ. ನಾನು ಹೇಳಿದ್ದಕ್ಕೆ ತಾಳೆಯಾಗದಿದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಿಡಿ.

ನಿನ್ನ
ದೊಡ್ಡಪ್ಪ