ಮೈದಾನದಿಂದ ಮನೆಗೆ ಬರುವ ದಾರಿ

ಪ್ರೀತಿಯ ಗೆಳೆಯಾ,

ನಿನ್ನ ಮಗ ಕ್ರಿಕೆಟ್ ಕ್ಯಾಂಪಿಗೆ ಸೇರಿದ ಫೋಟೊ ನೋಡಿದೆ. ಕಿಟ್ ಬ್ಯಾಗೇ ಅವನಿಗಿಂತ ಎತ್ತರ ಇದೆ ಕಣೋ! ತುಂಬಾ ಖುಷಿಯಾಯಿತು. ಆದರೆ ಫೋನಿನಲ್ಲಿ ನೀನು ಕೇಳಿದ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. 'ಬಿಟಿಆರ್ ಶೀಲ್ಡ್ ಆಡೋಕೆ ಈಗಿಂದಲೇ ಏನೇನು ಮಾಡಿಸಬೇಕು?' ಅಂದೆ. ಅದು 14 ವರ್ಷದೊಳಗಿನ ಶಾಲಾ ಹುಡುಗರ ಟೂರ್ನಿ. ನಿನ್ನ ಮಗನಿಗೆ ಇನ್ನೂ ಎಂಟು. ಅದಕ್ಕೇ ಈ ಪತ್ರ. ಮಗಳ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನಿನಗೆ ಮೊದಲೇ ಹೇಳಿಬಿಡಬೇಕು ಅನ್ನಿಸಿತು.

ಅವಳಿಗೆ ಆಗ ಹತ್ತು ವರ್ಷ. ಶಟಲ್ ಟೂರ್ನಿಯ ಮೊದಲ ಸುತ್ತು. ಮೊದಲ ಗೇಮ್ ಗೆದ್ದವಳು ಆಮೇಲಿನ ಎರಡನ್ನೂ ಸೋತಳು. ಕೊನೆಯದು 19–21. ಸ್ಕೂಟರ್ ಸ್ಟಾರ್ಟ್ ಮಾಡುತ್ತಲೇ ನನ್ನ ಮಾತೂ ಶುರುವಾಯಿತು. ಆ ಸರ್ವಿಸ್ ಯಾಕೆ ಹಾಗೆ ಮಾಡಿದೆ, ಕಾಲು ಯಾಕೆ ಓಡಲಿಲ್ಲ, ನೆಟ್ ಹತ್ತಿರ ಯಾಕೆ ಬರಲಿಲ್ಲ. ಮನೆ ಮುಟ್ಟುವವರೆಗೂ ಬಿಡಲಿಲ್ಲ. ಅವಳು ಹಿಂದೆ ಒಂದೂ ಮಾತಾಡದೆ ಕೂತಿದ್ದಳು. ರಾತ್ರಿ ನೋಡಿದರೆ ರ‍್ಯಾಕೆಟ್ಟಿನ ಗ್ರಿಪ್ ಪೂರ್ತಿ ಬಿಚ್ಚಿಹಾಕಿದ್ದಾಳೆ. ಮಂಚದ ಕೆಳಗೆ ಅದು ಸುರುಳಿ ಸುರುಳಿಯಾಗಿ ಬಿದ್ದಿತ್ತು.

ಮಾರನೇ ದಿನ ಬೆಳಗ್ಗೆ ಹೊಟ್ಟೆನೋವು. ಮುಂದಿನ ವಾರವೂ ಹೊಟ್ಟೆನೋವು. ಪ್ರಾಕ್ಟೀಸ್ ಇದ್ದ ದಿನ ಮಾತ್ರ ಬರುವ ನೋವು ಅದು ಅಂತ ಗೊತ್ತು ಮಾಡಿದ್ದು ನನ್ನ ಹೆಂಡತಿ. 'ಆಟಕ್ಕೆ ಹೆದರ್ತಿಲ್ಲ ಅವಳು, ನಿಮ್ಮ ಜೊತೆ ವಾಪಸ್ ಬರೋದಕ್ಕೆ ಹೆದರ್ತಿದ್ದಾಳೆ' ಅಂದಳು. ಆ ಮಾತು ಈಗ ನೆನೆದರೂ ಹೊಟ್ಟೆ ಕಿವುಚುತ್ತದೆ.

ಆಮೇಲಿಂದ ಗ್ಯಾಲರಿಯಲ್ಲಿ ಕೂತಾಗ ಬೇರೆ ಮಕ್ಕಳನ್ನೂ ಗಮನಿಸತೊಡಗಿದೆ. ಪಾಯಿಂಟ್ ಹೋದ ತಕ್ಷಣ ಎಷ್ಟೋ ಮಕ್ಕಳು ಶಟಲ್ ಕಡೆ ನೋಡುವುದಿಲ್ಲ ಕಣೋ. ಕತ್ತೆತ್ತಿ ಅಪ್ಪ ಅಮ್ಮನ ಮುಖ ನೋಡುತ್ತಾರೆ. ಕೆಳಗೆ ಕೋಚ್ 'ರ‍್ಯಾಲಿ ಆಡು' ಅನ್ನುತ್ತಾರೆ, ಮೇಲಿಂದ ಅಪ್ಪ 'ಸ್ಮ್ಯಾಶ್ ಹೊಡಿ' ಅಂತ ಕೂಗುತ್ತಾನೆ. ಮಗು ಯಾರ ಮಾತು ಕೇಳಬೇಕು? ನೀನು ಚಪ್ಪಾಳೆ ತಟ್ಟು, ಎದುರಿನ ಮಗು ಚೆನ್ನಾಗಿ ಆಡಿದರೂ ತಟ್ಟು. ಆಟ ಹೇಳಿಕೊಡುವುದನ್ನು ಕೋಚ್‌ಗೇ ಬಿಡು.

ಚಿಕ್ಕ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ನಾವು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತಿದ್ದೆವಲ್ಲ. ನಾರ್ವೆ ದೇಶದಲ್ಲಿ ಹೆಚ್ಚುಕಡಿಮೆ ಅದನ್ನೇ ನಿಯಮ ಮಾಡಿಟ್ಟಿದ್ದಾರೆ. ಮಕ್ಕಳಿಗೆ 11 ವರ್ಷ ಆಗುವವರೆಗೆ ಫಲಿತಾಂಶದ ಪಟ್ಟಿಯೂ ಇಲ್ಲ, ರ‍್ಯಾಂಕಿಂಗೂ ಇಲ್ಲ. ಹಾಗಂತ ಅವರು ಹಿಂದೆ ಬಿದ್ದಿಲ್ಲ. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಎಲ್ಲರಿಗಿಂತ ಮುಂದಿದ್ದರು. 2022ರಲ್ಲಿ 16 ಚಿನ್ನ.

ಅಷ್ಟು ದೂರ ಯಾಕೆ, ನಮ್ಮ ಪ್ರಕಾಶ್ ಪಡುಕೋಣೆ ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಇವತ್ತಾದರೂ ಹಾಲ್ ಖಾಲಿ ಇರಲಪ್ಪ ಅಂತ ಮಕ್ಕಳು ಕಾದು ಆಡುವುದೇ ಬೇರೆ, ಅಲ್ವಾ? 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದವರು ಅವರು. ರಾಹುಲ್ ದ್ರಾವಿಡ್ ಕೂಡ ಶಾಲೆಯಲ್ಲಿ ಹಾಕಿ ಆಡಿದವರೇ. ಹಾಗಾಗಿ ನಿನ್ನ ಮಗ ಕಬಡ್ಡಿ, ಫುಟ್‌ಬಾಲ್ ಅಂತ ಓಡಿದರೆ ತಡೆಯಬೇಡ. ಒಂದೇ ಆಟವನ್ನು ವರ್ಷಪೂರ್ತಿ ಆಡಿಸಬೇಡಿ, ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ ಆ ಆಟದಿಂದ ದೂರ ಇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಬೆಳೆಯುವ ಮೂಳೆಗಳು ಪಾಪ, ಅವಕ್ಕೂ ಸಾಕಾಗುತ್ತದೆ.

ಗಲ್ಲಿ ಕ್ರಿಕೆಟ್ ಮಾತ್ರ ನಿಲ್ಲಿಸಬೇಡ ಮಾರಾಯ. ಒನ್ ಪಿಚ್ ಕ್ಯಾಚ್ ಔಟು, ಪಕ್ಕದ ಮನೆ ಕಾಂಪೌಂಡಿಗೆ ಹೋದರೂ ಔಟು. ರೂಲ್ಸ್ ಮಾಡುವವರೂ ಅವರೇ, ಜಗಳ ಬಗೆಹರಿಸುವವರೂ ಅವರೇ. ಅಲ್ಲಿಗೆ ನಾವು ಹೋಗುವುದೇ ಬೇಡ.

ಮಗಳ ಕತೆ ಅರ್ಧಕ್ಕೇ ಬಿಟ್ಟೆ. ಎರಡು ತಿಂಗಳು ಪ್ರಾಕ್ಟೀಸಿಗೆ ಹೋಗು ಅನ್ನಲೇ ಇಲ್ಲ. ಒಂದು ಭಾನುವಾರ ಅವಳೇ ರ‍್ಯಾಕೆಟ್ ತಂದು ಹೊಸ ಗ್ರಿಪ್ ಸುತ್ತಿಕೊಡು ಅಂದಳು. ಈಗ ಮ್ಯಾಚ್ ಮುಗಿದ ಮೇಲೆ ನಾನು ಕೇಳುವುದು ಒಂದೇ, 'ಹಸಿವಾಯ್ತಾ?' ಹೋಟೆಲಿನಲ್ಲಿ ದೋಸೆ ತಿಂದು ಹೊರಡುತ್ತೇವೆ. ಕಳೆದ ತಿಂಗಳು ಮತ್ತೆ ಮೊದಲ ಸುತ್ತಿನಲ್ಲೇ ಸೋತಳು. ಸ್ಕೂಟರಿನಲ್ಲಿ ಸ್ವಲ್ಪ ದೂರ ಸುಮ್ನೆ ಇದ್ದವಳು ನನ್ನ ಭುಜ ತಟ್ಟಿದಳು. 'ಅಪ್ಪಾ, ಆ ಹುಡುಗಿ ಸರ್ವಿಸ್ ಹೆಂಗೆ ಮಾಡ್ತಾಳೆ ನೋಡಿದ್ಯಾ? ನಂಗೂ ಅದು ಕಲೀಬೇಕು.' ಮನೆ ಬರುವವರೆಗೂ ಅವಳದೇ ಮಾತು.

ಶನಿವಾರ ನಿನ್ನ ಮಗನ ಮ್ಯಾಚ್ ಅಂದೆಯಲ್ಲ. ಮುಗಿಸಿಕೊಂಡು ಇಬ್ಬರೂ ನಮ್ಮ ಮನೆಗೇ ಊಟಕ್ಕೆ ಬನ್ನಿ. ಎಷ್ಟು ರನ್ ಅಂತ ನಾನು ಕೇಳುವುದಿಲ್ಲ, ದಾರಿಯಲ್ಲಿ ನೀನೂ ಕೇಳಬೇಡ.

ನಿನ್ನ ಗೆಳೆಯ