ಎವರ್‌ಗ್ಲೇಡ್ಸ್ ಟ್ರಿಪ್ ಬಗ್ಗೆ ಪೋಷಕರಿಗೆ

ಎಲ್ಲಾ ಅಪ್ಪ ಅಮ್ಮಂದಿರಿಗೂ ನಮಸ್ಕಾರ,

ಜನವರಿಯಲ್ಲಿ ನಮ್ಮ ಕನ್ನಡ ಕ್ಲಾಸ್ ಮಕ್ಕಳನ್ನ ದಕ್ಷಿಣ ಫ್ಲೋರಿಡಾದ ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕಿಗೆ ಕರ್ಕೊಂಡು ಹೋಗ್ತಿದೀವಲ್ಲ, ಬೇಸಿಗೆ ರಜೇಲೇ ಹೋಗ್ಬಹುದಿತ್ತಲ್ವಾ ಅಂತ ಸುಮಾರು ಜನ ಕೇಳಿದ್ರಿ. ಬೇಸಿಗೇಲಿ ಅಲ್ಲಿ ಮಳೆ, ಸೆಕೆ, ವಿಪರೀತ ಸೊಳ್ಳೆ, ನೀರು ಎಲ್ಲಾ ಕಡೆ ಹರಡ್ಕೊಂಡಿರೋದ್ರಿಂದ ಪ್ರಾಣಿಗಳೂ ಚೆದುರಿ ಹೋಗಿರ್ತವೆ. ಡಿಸೆಂಬರ್ ಆದ್ಮೇಲೆ ನೀರು ಇಳೀತಾ ಬರುತ್ತೆ, ಆಗ ಮೊಸಳೆಯ ನೆಂಟರಾದ ಅಲಿಗೇಟರ್‌ಗಳು ಕೆಸರು ಬಗೆದು ಮಾಡ್ಕೊಂಡಿರೋ ಗುಂಡಿಗಳಲ್ಲಿ ನೀರು ಉಳ್ಕೊಳ್ಳುತ್ತೆ, ಆ ನೀರಲ್ಲಿ ಮೀನು, ಮೀನು ಹುಡುಕ್ಕೊಂಡು ಕೊಕ್ಕರೆ ಬೆಳ್ಳಕ್ಕಿ, ಎಲ್ಲಾ ಅಲ್ಲೇ ಬಂದು ಸೇರ್ತವೆ. ನಾವು ಹೆದರೋ ಪ್ರಾಣಿ ತೋಡಿದ ಗುಂಡಿ ಇಷ್ಟೊಂದು ಜೀವ ಸಾಕುತ್ತೆ, ಇದನ್ನ ಮಕ್ಕಳು ಕಣ್ಣಾರೆ ನೋಡ್ಬೇಕು ಅಂತ ನಂಗೆ ತುಂಬಾ ಆಸೆ.

ಅದಕ್ಕೇ ಇಡೀ ಬೆಳಗ್ಗೆ ಪಾರ್ಕಲ್ಲಿರೋ ಆನಿಂಗಾ ಟ್ರೇಲ್ ಅನ್ನೋ ನಡಿಗೆ ದಾರಿ ಒಂದೇ. ಒಂದೂವರೆ ಕಿಲೋಮೀಟರೂ ಇಲ್ಲ, ಸಣ್ಣವರೂ ನಡೀಬಹುದು. ಆನಿಂಗಾ ಅಂದ್ರೆ ನಮ್ಮ ಹಾವಕ್ಕಿಯ ಹತ್ತಿರದ ನೆಂಟ, ನೀರಿಂದ ಎದ್ದು ಬಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸ್ಕೊಳ್ತಾ ಕೂತಿರುತ್ತೆ, ಗಲಾಟೆ ಮಾಡ್ದೆ ನಿಂತ್ರೆ ಎಷ್ಟು ಹೊತ್ತು ಬೇಕಾದ್ರೂ ನೋಡ್ಬಹುದು. ಮಧ್ಯಾಹ್ನ ಪಾರ್ಕಲ್ಲೇ ಇರೋ ಫ್ಲೆಮಿಂಗೋ ಅನ್ನೋ ಜಾಗಕ್ಕೆ ಹೋಗೋಣ, ಅಲ್ಲಿ ಮೊಸಳೆ, ಮ್ಯಾನಟೀ (ಕಡಲ ಹಸು) ಸಿಕ್ಕಿದ್ರೆ ಪುಣ್ಯ. ಅಲಿಗೇಟರ್ ಮೂತಿ ಅಗಲ, ಮೊಸಳೇದು ಚೂಪು, ಇವೆರಡೂ ಒಟ್ಟಿಗೆ ಬದುಕೋ ಕಾಡು ಜಾಗ ಪ್ರಪಂಚದಲ್ಲಿ ದಕ್ಷಿಣ ಫ್ಲೋರಿಡಾ ಒಂದೇ.

ಒಂದು ವಿಷಯ ಮಾತ್ರ ಮನೇಲಿ ಕೂರಿಸ್ಕೊಂಡು ಹೇಳಿ. ಅಲಿಗೇಟರಿಂದ ಕನಿಷ್ಠ 15 ಅಡಿ ದೂರ, ಒಂದು ಚಿಪ್ಸ್ ಚೂರೂ ಹಾಕೋ ಹಾಗಿಲ್ಲ. ಅದು ಕಾನೂನು ಅಂತಷ್ಟೇ ಅಲ್ಲ, ತಿಂಡಿ ರುಚಿ ಹತ್ತಿದ ಅಲಿಗೇಟರ್‌ಗೆ ಮನುಷ್ಯರ ಭಯ ಹೋಗುತ್ತೆ, ಆಮೇಲೆ ಅಪಾಯ ಅಂತ ಅದನ್ನೇ ಕೊಲ್ಲಬೇಕಾಗುತ್ತೆ, ನಮ್ಮ ಮಕ್ಕಳ ಕೈಯಿಂದ ಅಂಥದ್ದು ಆಗೋದು ಬೇಡ.

ತುಂಬು ತೋಳಿನ ಶರ್ಟ್, ಶೂ, ಟೋಪಿ, ಸೊಳ್ಳೆ ಸ್ಪ್ರೇ, ನೀರಿನ ಬಾಟಲ್ ಕಳಿಸಿ. ಕಾರ್ ತರೋರು ಗಮನಿಸಿ, ಟ್ರೇಲ್ ಪಾರ್ಕಿಂಗಲ್ಲಿ ರಣಹದ್ದುಗಳು ವೈಪರ್, ಕಿಟಕಿ ರಬ್ಬರ್ ಕಿತ್ತು ಹಾಕ್ತವೆ, ಕಾರ್ ನಿಲ್ಲಿಸಿದ ಮೇಲೆ ಟಾರ್ಪಾಲ್ ಮುಚ್ಚಿಯೇ ಬನ್ನಿ. ನಾಲ್ಕನೇ ಗ್ರೇಡ್ ಮಕ್ಕಳಿರೋರು ಪಾರ್ಕ್ ಪ್ರವೇಶದ ಫ್ರೀ ಪಾಸ್ ಆನ್‌ಲೈನಲ್ಲಿ ತಗೊಂಡು ಪ್ರಿಂಟ್ ಹಾಕ್ಕೊಳ್ಳಿ. ಒಳಗೆ ಫೋನ್ ಸಿಗ್ನಲ್ ಸರಿಯಾಗಿ ಸಿಗಲ್ಲ, ಆದ್ರಿಂದ ಅಲರ್ಜಿ, ಔಷಧಿ ಏನಿದ್ರೂ ಈ ಭಾನುವಾರದೊಳಗೆ ನಂಗೆ ಬರೆದು ತಿಳಿಸಿಬಿಡಿ.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ