ನೋಟಿಸ್ ಕೊಟ್ಟ ಮೇಲೆ ಏನು? ಆಹಾರ ಸುರಕ್ಷತಾ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಆಹಾರ ಸುರಕ್ಷತಾ ನಿಯಮಗಳ ಪಾಲನೆ ಮತ್ತು ಜಾರಿಗೆ ಹೊಸ ವ್ಯವಸ್ಥೆ ರೂಪಿಸುವ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆ. ಇದರ ಬಗ್ಗೆ ನಿಮಗೆ ಸಲಹೆ ಕೊಡುವವರಲ್ಲಿ ಹೆಚ್ಚಿನವರು ಮೇಜಿನ ಆ ಬದಿಯವರು: ಅಧಿಕಾರಿಗಳು, ವಕೀಲರು, ಪ್ರಯೋಗಾಲಯದವರು. ನಾನು ಈ ಬದಿಯವನು. ಆಹಾರ ತಯಾರಿಕಾ ಘಟಕಗಳಲ್ಲಿ ಗುಣಮಟ್ಟ ವಿಭಾಗ ನೋಡಿಕೊಂಡಿದ್ದವನು. ತಪಾಸಣೆಗೆ ಬಂದವರಿಗೆ ಫೈಲು ತೆಗೆದುಕೊಡುವುದು, ಅವರ ಹಿಂದೆ ಮುಂದೆ ಓಡಾಡುವುದು, ವರದಿಗೆ ಸಹಿ ಹಾಕಿಸಿಕೊಂಡು ಗೇಟಿನ ತನಕ ಬಿಟ್ಟುಬರುವುದು ನನ್ನ ಕೆಲಸವಾಗಿತ್ತು. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ.

ಯಾವ ಘಟಕವೂ ಕಾಯ್ದೆ ಪುಸ್ತಕ ಓದಿಕೊಂಡು ನಡೆಯುವುದಿಲ್ಲ. ಹೋದ ಸಲ ತಪ್ಪು ಸಿಕ್ಕಿದಾಗ ಏನಾಯಿತು ಎಂಬುದನ್ನು ನೋಡಿಕೊಂಡು ನಡೆಯುತ್ತದೆ. ನೋಟಿಸ್ ಬಂತು, ಉತ್ತರ ಬರೆದೆವು, ಯಾರೂ ತಿರುಗಿ ನೋಡಲಿಲ್ಲ ಎಂದಾದರೆ, ನಮ್ಮ ಮಟ್ಟಿಗೆ ನೋಟಿಸ್ ಎಂದರೆ ಉತ್ತರ ಬರೆಯುವ ಕೆಲಸ, ಅಷ್ಟೆ.

ತಪಾಸಣೆಯನ್ನೇ ತೆಗೆದುಕೊಳ್ಳಿ. ಶೀತಲ ಕೊಠಡಿಯ ಬಾಗಿಲ ಪಕ್ಕ ತಾಪಮಾನದ ರಿಜಿಸ್ಟರ್ ನೇತುಹಾಕಿರುತ್ತಾರೆ. ನಾನಿದ್ದ ಒಂದು ಘಟಕದಲ್ಲಿ ಅಧಿಕಾರಿಗಳು ಬರುವ ಸುದ್ದಿ ಹಿಂದಿನ ದಿನವೇ ಬರುತ್ತಿತ್ತು. ಆ ಸಂಜೆ ಒಬ್ಬ ಕೂತು ತಿಂಗಳ ರಿಜಿಸ್ಟರನ್ನು ಒಂದೇ ಪೆನ್ನಿನಲ್ಲಿ ತುಂಬಿಸುತ್ತಿದ್ದ. 4, 4, 4, 4. ಕರೆಂಟು ಹೋಗಿದ್ದ ದಿನವೂ 4, ಘಟಕಕ್ಕೆ ರಜೆ ಇದ್ದ ದಿನವೂ 4. ಅಧಿಕಾರಿ ಪುಟ ತಿರುವಿ, ಕೊನೆಗೆ ಸಹಿ ಹಾಕಿ ಹೋಗುತ್ತಿದ್ದರು. ನಿಜವಾಗಿ ಬರೆದ ರಿಜಿಸ್ಟರ್ ಹೀಗಿರುವುದಿಲ್ಲ. ಅದರಲ್ಲಿ 3.8 ಇರುತ್ತದೆ, 4.6 ಇರುತ್ತದೆ, ಒಂದು ದಿನ 7.2 ಇದ್ದು ಪಕ್ಕದಲ್ಲಿ ‘ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಸರಿಪಡಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಲಾಯಿತು’ ಎಂದು ವಕ್ರ ಅಕ್ಷರದಲ್ಲಿ ಬರೆದಿರುತ್ತದೆ. ಒದ್ದೆ ಕೈಯ ಗುರುತೂ ಇರುತ್ತದೆ. ನಿಮ್ಮ ಅಧಿಕಾರಿಗಳಿಗೆ ತರಬೇತಿ ಕೊಡುವಾಗ ಈ ಎರಡು ರಿಜಿಸ್ಟರ್‌ಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. 7.2 ಎಂದು ನಿಜ ಬರೆದವನಿಗೆ ನೋಟಿಸು, 4 ಎಂದು ಸುಳ್ಳು ಬರೆದವನಿಗೆ ಶಹಭಾಸ್‌ಗಿರಿ ಸಿಕ್ಕರೆ ಮುಂದಿನ ತಿಂಗಳಿಂದ ಎಲ್ಲರೂ 4 ಎಂದೇ ಬರೆಯುತ್ತಾರೆ. ನಾನಾದರೂ ಅವರನ್ನು ದೂರಲಾರೆ.

ಆದ್ದರಿಂದ ಹೇಳದೆ ಬನ್ನಿ. ರಾತ್ರಿ ಪಾಳಿಯಲ್ಲಿ ಬನ್ನಿ, ಯಂತ್ರ ತೊಳೆಯುವ ಹೊತ್ತಿನಲ್ಲಿ ಬನ್ನಿ. ಹೇಳದೆ ಬರುವುದಷ್ಟೇ ಸಾಲದು ಎಂಬುದಕ್ಕೆ ವೇಲ್ಸ್‌ನ ಪ್ರಕರಣವಿದೆ. 2005ರಲ್ಲಿ ದಕ್ಷಿಣ ವೇಲ್ಸ್‌ನ ಶಾಲೆಗಳಿಗೆ ಪೂರೈಕೆಯಾದ ಬೇಯಿಸಿದ ಮಾಂಸದಿಂದ ಇ. ಕೊಲೈ ಓ157 ಎಂಬ ಅಪಾಯಕಾರಿ ಬ್ಯಾಕ್ಟೀರಿಯಾದ ಸೋಂಕು ಹರಡಿತು. 150ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಕಾಯಿಲೆ ಬಿದ್ದರು. ಐದು ವರ್ಷದ ಹುಡುಗನೊಬ್ಬ ತೀರಿಕೊಂಡ. ಹಸಿ ಮಾಂಸಕ್ಕೂ ಬೇಯಿಸಿದ ಮಾಂಸಕ್ಕೂ ಒಂದೇ ವ್ಯಾಕ್ಯೂಮ್ ಪ್ಯಾಕಿಂಗ್ ಯಂತ್ರ ಬಳಸುತ್ತಿದ್ದದ್ದು ಕಾರಣಗಳಲ್ಲಿ ಮುಖ್ಯವಾದದ್ದು. ಯಂತ್ರದ ಈ ವಿಷಯ ತಪಾಸಣೆ ಮಾಡುವವರಿಗೆ ಗೊತ್ತಿಲ್ಲದ್ದೇನೂ ಆಗಿರಲಿಲ್ಲ. ಮಾಲೀಕ ಹೇಳಿದ್ದನ್ನು ನಂಬಿದರು, ಬೆನ್ನು ಹತ್ತಿ ನೋಡಲಿಲ್ಲ. ಪ್ರೊಫೆಸರ್ ಹ್ಯೂ ಪೆನ್ನಿಂಗ್ಟನ್ ನೇತೃತ್ವದ ವಿಚಾರಣೆ 2009ರಲ್ಲಿ ವರದಿ ಕೊಟ್ಟಿತು. ನೀವು ಓದಲೇಬೇಕಾದ ಕಾಗದ ಅದು. ನಿಯಮ ಇತ್ತು, ತಪಾಸಣೆಯೂ ನಡೆದಿತ್ತು, ಮಗು ಸತ್ತಿತು.

ಹಾಗಾಗಿ ನೀವು ಮೊದಲು ಬರೆಯಬೇಕಾದದ್ದು ತಪಾಸಣೆಯ ಚೆಕ್‌ಲಿಸ್ಟ್ ಅಲ್ಲ, ತಪ್ಪು ಸಿಕ್ಕ ಮೇಲಿನ ದಾರಿ. ಮೊದಲ ಸಣ್ಣ ಲೋಪಕ್ಕೆ ತಿಳಿಹೇಳಿಕೆ. ಅದು ತಿದ್ದುಪಡಿಯಾಗದಿದ್ದರೆ ಗಡುವು ಹಾಕಿದ ನೋಟಿಸು. ಗಡುವು ಮುಗಿದ ವಾರದಲ್ಲೇ ಮರುಭೇಟಿ, ಅದರ ಖರ್ಚು ಘಟಕದ್ದು. ಆಮೇಲೆ ದಂಡ, ಪರವಾನಗಿ ಅಮಾನತು, ಮೊಕದ್ದಮೆ. ಜನರ ಜೀವಕ್ಕೆ ಈಗಲೇ ಕುತ್ತು ಎನ್ನುವಂಥ ಲೋಪ ಕಂಡರೆ ಮೆಟ್ಟಿಲು ಹತ್ತುತ್ತಾ ಕೂರಬೇಕಾಗಿಲ್ಲ, ಅದೇ ಕ್ಷಣ ಬೀಗ. ದಾಖಲೆ ತಿದ್ದಿದ್ದು ಗೊತ್ತಾದರೂ ಅಷ್ಟೇ, ನೇರ ಮೇಲಿನ ಮೆಟ್ಟಿಲಿಗೆ. ಇದನ್ನು ಬರವಣಿಗೆಯಲ್ಲಿ ಇಟ್ಟು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಒಂದೇ ಲೋಪಕ್ಕೆ ಒಬ್ಬ ಅಧಿಕಾರಿ ಬೀಗ ಹಾಕಿ, ಇನ್ನೊಬ್ಬರು ಕಾಫಿ ಕುಡಿದು ಹೋದರೆ, ಘಟಕದವರು ನಿಯಮ ಕಲಿಯುವುದಿಲ್ಲ, ಅಧಿಕಾರಿಯನ್ನು ಕಲಿಯುತ್ತಾರೆ. ಲಂಚದ ಬಾಗಿಲು ತೆರೆಯುವುದೂ ಅಲ್ಲೇ: ಏನು ಮಾಡಬೇಕೆಂಬುದು ಅಧಿಕಾರಿಯ ಮರ್ಜಿಗೆ ಬಿಟ್ಟ ಜಾಗದಲ್ಲಿ.

ಎಲ್ಲ ಕಡೆಗೂ ಒಂದೇ ಲೆಕ್ಕದಲ್ಲಿ ಹೋಗಲು ನಿಮ್ಮಲ್ಲಿ ಜನವಿಲ್ಲ, ಯಾವ ದೇಶದಲ್ಲೂ ಇಲ್ಲ. ಬಿಸ್ಕತ್ತು ಪ್ಯಾಕ್ ಮಾಡುವ ಘಟಕಕ್ಕೂ, ಆಸ್ಪತ್ರೆಯ ರೋಗಿಗಳಿಗೆ ಅಡುಗೆ ಕಳಿಸುವ ಕಡೆಗೂ ವರ್ಷಕ್ಕೊಂದೇ ಭೇಟಿ ಎನ್ನುವುದು ಅನ್ಯಾಯ. ಏನು ತಯಾರಾಗುತ್ತದೆ, ಯಾರು ತಿನ್ನುತ್ತಾರೆ, ಎಷ್ಟು ಜನಕ್ಕೆ ಹೋಗುತ್ತದೆ, ಹಿಂದಿನ ನಡತೆ ಹೇಗಿದೆ ಎಂಬ ನಾಲ್ಕು ಪ್ರಶ್ನೆಗಳ ಮೇಲೆ ಭೇಟಿಗಳನ್ನು ಹಂಚಿ. ಅದಕ್ಕೂ ಮೊದಲು ಒಟ್ಟು ಎಷ್ಟು ಘಟಕಗಳಿವೆ ಎಂಬ ಪಟ್ಟಿ ಸರಿಯಾಗಿರಬೇಕಲ್ಲ!

ಮಾದರಿ ಸಂಗ್ರಹದ ಬಗ್ಗೆ ಒಂದು ಮಾತು, ಏಕೆಂದರೆ ಪತ್ರಿಕಾಗೋಷ್ಠಿಯಲ್ಲಿ ಎಲ್ಲರೂ ಹೇಳುವುದು ಇದನ್ನೇ: ಇಷ್ಟು ಮಾದರಿ ತೆಗೆದೆವು, ಇಷ್ಟು ಪಾಸಾದವು. ನೂರರಲ್ಲಿ ಒಂದು ಪೊಟ್ಟಣ ಕಲುಷಿತವಾದ ಸರಕು ಇದೆ ಎಂದುಕೊಳ್ಳಿ. ಅದರಿಂದ 5 ಪೊಟ್ಟಣ ಪರೀಕ್ಷಿಸಿದರೆ ಐದೂ ಶುದ್ಧವೆಂದು ಬರುವ ಸಾಧ್ಯತೆ ಶೇ. 95. ಹೋಗಲಿ, 60 ಪೊಟ್ಟಣ ಪರೀಕ್ಷಿಸಿದರೂ ಎಲ್ಲವೂ ಶುದ್ಧವೆಂದು ಬರುವ ಸಾಧ್ಯತೆ ಶೇ. 55ರ ಹತ್ತಿರ. ಮಾದರಿ ಬೇಡ ಎನ್ನುತ್ತಿಲ್ಲ. ಕೋರ್ಟಿನಲ್ಲಿ ನಿಲ್ಲಬೇಕಾದರೆ ಸೀಲು, ಸಾಕ್ಷಿ, ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆ, ಐಎಸ್‌ಒ 17025 (ಪ್ರಯೋಗಾಲಯಗಳ ಸಾಮರ್ಥ್ಯ ಅಳೆಯುವ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆಯ ಪ್ರಯೋಗಾಲಯ, ಎಲ್ಲವೂ ಬೇಕು. ಆದರೆ ಪಾಸಾದ ಮಾದರಿಯನ್ನು ಸುರಕ್ಷತೆಯ ಪ್ರಮಾಣಪತ್ರ ಎಂದು ತಿಳಿಯಬೇಡಿ. ಹಸಿಯದ್ದು ಎಲ್ಲಿಂದ ಒಳಗೆ ಬರುತ್ತದೆ, ಬೆಂದದ್ದು ಎಲ್ಲಿಂದ ಹೊರಗೆ ಹೋಗುತ್ತದೆ, ಇವೆರಡೂ ಎಲ್ಲಿ ಒಂದಕ್ಕೊಂದು ಎದುರಾಗುತ್ತವೆ ಎಂದು ನಿಂತು ನೋಡುವ ಅರ್ಧ ಗಂಟೆ ಹೆಚ್ಚು ಹೇಳುತ್ತದೆ.

ಖಾಸಗಿ ಆಡಿಟ್ ಇದೆಯಲ್ಲ, ಅದನ್ನೇ ಒಪ್ಪಿಕೊಂಡು ನಿಮ್ಮ ಹೊರೆ ಇಳಿಸಿಕೊಳ್ಳಿ ಎಂದು ಉದ್ಯಮದವರು ಕೇಳುತ್ತಾರೆ. ಎಚ್ಚರವಿರಲಿ, ಆಡಿಟರ್‌ಗೆ ದುಡ್ಡು ಕೊಡುವವರು ನಾವೇ. 2008–09ರಲ್ಲಿ ಅಮೆರಿಕದ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಕಂಪನಿಯ ಕಡಲೆಕಾಯಿ ಉತ್ಪನ್ನಗಳಿಂದ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಹರಡಿ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 9 ಸಾವುಗಳನ್ನು ಅದಕ್ಕೆ ತಳಕು ಹಾಕಲಾಯಿತು. ಆ ಘಟಕಕ್ಕೆ ಖಾಸಗಿ ಆಡಿಟ್‌ನಲ್ಲಿ ಉತ್ತಮ ದರ್ಜೆ ಸಿಕ್ಕಿತ್ತು. ಕಂಪನಿಯ ಸ್ವಂತ ಪರೀಕ್ಷೆಗಳಲ್ಲಿ ಸಾಲ್ಮೊನೆಲ್ಲಾ ಕಂಡುಬಂದಿತ್ತು, ಆದರೂ ಸರಕು ಹೊರಟಿತ್ತು. ಅಂಥ ಫಲಿತಾಂಶವನ್ನು ಸರ್ಕಾರಕ್ಕೆ ತಿಳಿಸುವುದು ಆಗ ಕಡ್ಡಾಯವಿರಲಿಲ್ಲ. ಜಾರ್ಜಿಯಾ ರಾಜ್ಯ 2009ರಲ್ಲಿ ಕಾನೂನು ತಂದು, 24 ಗಂಟೆಯೊಳಗೆ ತಿಳಿಸಬೇಕೆಂದಿತು. ಕಂಪನಿಯ ಮುಖ್ಯಸ್ಥನಿಗೆ 2015ರಲ್ಲಿ 28 ವರ್ಷ ಜೈಲಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು. ಘಟಕದ ಒಳಗಿನ ಪರೀಕ್ಷಾ ವರದಿಗಳನ್ನು, ಕೆಟ್ಟದ್ದು ಬಂದವನ್ನೂ ಸೇರಿಸಿ, ಕೇಳಿದಾಗ ನೋಡುವ ಅಧಿಕಾರ ಇಲ್ಲದಿದ್ದರೆ ಮೊದಲು ಅದನ್ನು ಪಡೆದುಕೊಳ್ಳಿ.

ಫಲಿತಾಂಶ ಪ್ರಕಟಿಸಲು ಹಿಂಜರಿಯಬೇಡಿ. ಡೆನ್ಮಾರ್ಕ್ 2001ರಿಂದ ತಪಾಸಣಾ ವರದಿಗೆ ನಗುಮುಖದ ಚಿಹ್ನೆ ಹಾಕಿ ಗಿರಾಕಿಗೆ ಕಾಣುವ ಕಡೆ ಅಂಟಿಸುವಂತೆ ಮಾಡಿದೆ. ವೇಲ್ಸ್‌ನಲ್ಲೂ 2013ರಿಂದ ಶುಚಿತ್ವದ ಅಂಕ ಬಾಗಿಲಲ್ಲಿ ತೋರಿಸುವುದು ಕಡ್ಡಾಯ. ದಂಡವಾದರೆ ನಮ್ಮ ಮಾಲೀಕರು ಅದನ್ನು ವ್ಯಾಪಾರದ ಖರ್ಚಿಗೆ ಸೇರಿಸಿಬಿಡುತ್ತಾರೆ. ಬಾಗಿಲಲ್ಲಿ ಅಂಟಿಸಿದ ಅಂಕವನ್ನು ಯಾವ ಖಾತೆಗೂ ಸೇರಿಸಲು ಬರುವುದಿಲ್ಲ.

ಇನ್ನು ನಿಮ್ಮದೇ ಇಲಾಖೆಯ ಮೌಲ್ಯಮಾಪನ. ತಿಂಗಳಿಗೆ ಇಷ್ಟು ತಪಾಸಣೆ ಎಂದು ಗುರಿ ಕೊಟ್ಟರೆ, ಅಧಿಕಾರಿಗಳು ಹತ್ತಿರದ, ಚೊಕ್ಕಟವಾದ, ತಗಾದೆ ಇಲ್ಲದ ಘಟಕಗಳನ್ನೇ ಸುತ್ತುತ್ತಾರೆ. ಅದರ ಬದಲು ಬರೆದ ಲೋಪಗಳಲ್ಲಿ ಎಷ್ಟು ಗಡುವಿನೊಳಗೆ ಸರಿಯಾದವು, ಅದೇ ಲೋಪ ಅದೇ ಘಟಕದಲ್ಲಿ ಮತ್ತೆ ಎಷ್ಟು ಸಲ ಸಿಕ್ಕಿತು ಎಂದು ಕೇಳಿ.

ಕೊನೆಯದಾಗಿ ಒಂದು ಬೇಡಿಕೆ. ಆ ರಿಜಿಸ್ಟರ್ ತುಂಬಿಸುತ್ತಿದ್ದವನಿಗೆ ಅದು ಸುಳ್ಳು ಎಂದು ಗೊತ್ತಿತ್ತು. ಪ್ಯಾಕಿಂಗ್ ಲೈನಿನಲ್ಲಿ ನಿಂತವರಿಗೂ ಗೊತ್ತಿತ್ತು. ಹೇಳಲು ಜಾಗವಿರಲಿಲ್ಲ, ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಅಮೆರಿಕ 2011ರ ಆಹಾರ ಸುರಕ್ಷತಾ ಕಾನೂನಿನಲ್ಲಿ ಇಂಥ ನೌಕರರಿಗೆ ರಕ್ಷಣೆ ಕೊಟ್ಟಿತು. ನಿಮ್ಮ ಕರಡಿನಲ್ಲೂ ಆ ಅಧ್ಯಾಯ ಇರಲಿ: ದೂರು ಕೊಟ್ಟವರ ಹೆಸರು ಘಟಕಕ್ಕೆ ತಿಳಿಯಬಾರದು, ದೂರಿನ ಮೇಲೆ ಏನು ಕ್ರಮವಾಯಿತೆಂಬುದು ದೂರು ಕೊಟ್ಟವರಿಗೆ ತಿಳಿಯಬೇಕು, ಅವರನ್ನು ಕೆಲಸದಿಂದ ತೆಗೆದರೆ ಕಾರಣ ಸಾಬೀತು ಮಾಡುವ ಹೊಣೆ ಮಾಲೀಕನದಾಗಬೇಕು. ಕರಡು ಸಿದ್ಧವಾದಾಗ ಮಾಲೀಕರ ಸಂಘಗಳ ಜೊತೆಗೆ ಈ ಕೆಲಸಗಾರರನ್ನೂ ಕರೆದು ಅಭಿಪ್ರಾಯ ಕೇಳಿ, ಅವರ ಪಾಳಿ ಮುಗಿದ ಹೊತ್ತಿನಲ್ಲಿ.

ಇಂತಿ ನಿಮ್ಮ ವಿಶ್ವಾಸಿ,
ತಪಾಸಣೆಯ ಈ ಬದಿಯಲ್ಲಿ ನಿಂತಿದ್ದವನು